ಬೆಳ್ಳಿ ಥಾಪಿಯ ಮೇಲಿನ ಅಕ್ಷರಗಳು

ಆಷಾಢದ ಒಂದು ಬೆಳಿಗ್ಗೆ ಕಾರವಾರದ ಬೆಳ್ಳಿ ಅಂಗಡಿಯ ಶೇಟ್ರ ಫೋನು ಬಂತು. "ಮಾಸ್ತರೇ, ಒಂದು ಥಾಪಿ ಬಂದಿದೆ. ಬೆಳ್ಳಿದು. ನೀವು ಹೇಳಿಟ್ಟಿದ್ರಲ್ಲ, ಅದಕ್ಕೇ ಫೋನು ಮಾಡಿದೆ. ಸಂಜೆವರೆಗೆ ಇಡ್ತೇನೆ. ನಾಳೆ ಎಲ್ಲಾ ಒಟ್ಟಿಗೆ ಕರಗಿಸೋಕೆ ಮೂಸೆಗೆ ಹೋಗ್ತದೆ."

ಅವತ್ತು ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಯುವವರು ಬರಬೇಕಿತ್ತು. ಮೈಲುತುತ್ತ, ಸುಣ್ಣ ಎಲ್ಲಾ ತಂದಿಟ್ಟಾಗಿತ್ತು. ತಮ್ಮನಿಗೆ ಹೇಳಿ, ಛತ್ರಿ ಹಿಡಿದು ಶಿರಸಿ ಬಸ್‌ ಸ್ಟ್ಯಾಂಡಿಗೆ ಓಡಿದೆ. ಕುಮಟೆಗೆ ಹೋಗುವ ಬಸ್ಸು ಸಿಕ್ಕಿತು.

ಥಾಪಿ ಅಂದರೆ ಗವಂಡಿಗಳ ಕೈಯಲ್ಲಿರುವ ಕರಣೆ. ಚಿರೆಕಲ್ಲಿನ ಮೇಲೆ ಗಾರೆ ಹಚ್ಚುವ ಸಾಮಾನು. ಅದನ್ನು ಬೆಳ್ಳಿಯಲ್ಲಿ ಯಾಕೆ ಮಾಡುತ್ತಾರೆ ಅಂತ ಕೇಳಿದವರು ಬಹಳ ಜನ. ಬ್ರಿಟಿಷರ ಕಾಲದಲ್ಲಿ ಕಟ್ಟಡಕ್ಕೆ ಅಡಿಗಲ್ಲು ಇಡುವಾಗ ದೊಡ್ಡ ಮನುಷ್ಯರನ್ನು ಕರೆಯುತ್ತಿದ್ದರು. ಗವರ್ನರು, ಕಲೆಕ್ಟರು, ದುಡ್ಡು ಕೊಟ್ಟ ಸಾಹುಕಾರರು, ಹೀಗೆ. ಅವರ ಕೈಗೆ ಒಂದು ಬೆಳ್ಳಿ ಕರಣೆ ಕೊಡುತ್ತಿದ್ದರು. ಅವರು ಒಂದು ತುತ್ತು ಗಾರೆ ಹಚ್ಚುವುದು, ಮೇಲೆ ಕಲ್ಲು ಇಳಿಸುವುದು, ಅಷ್ಟೇ. ಆ ಕರಣೆ ಮತ್ತೆ ಗಾರೆ ಮುಟ್ಟುವುದಿಲ್ಲ. ಅದು ಅವರಿಗೇ ಕಾಣಿಕೆ. ಯಾವ ಕಟ್ಟಡ, ಯಾವ ತಾರೀಕು, ಕಲ್ಲು ಇಟ್ಟವರು ಯಾರು ಅಂತ ಅದರ ಮೇಲೆ ಕೆತ್ತಿರುತ್ತಾರೆ. ಒಳಗೆ ಮಖಮಲ್ಲು ಹಾಸಿದ ಪೆಟ್ಟಿಗೆಯಲ್ಲಿಟ್ಟು ಕೊಡುತ್ತಿದ್ದರು. ಪದ್ಧತಿ ಬೇರೆ ದೇಶಗಳಲ್ಲೂ ಇತ್ತು. 1793ರಲ್ಲಿ ಅಮೆರಿಕದ ಕ್ಯಾಪಿಟಲ್ ಕಟ್ಟಡಕ್ಕೆ ಜಾರ್ಜ್ ವಾಷಿಂಗ್ಟನ್ ಕಲ್ಲು ಇಟ್ಟಿದ್ದು ಬೆಳ್ಳಿ ಕರಣೆಯಿಂದಲೇ. ಅದನ್ನು ಇವತ್ತಿಗೂ ಜೋಪಾನವಾಗಿ ಇಟ್ಟಿದ್ದಾರೆ.

ಮುಂಬೈನ ಗೇಟ್‌ವೇ ಆಫ್ ಇಂಡಿಯಾಕ್ಕೆ ಅಡಿಗಲ್ಲು ಬಿದ್ದದ್ದು 1913ರ ಮಾರ್ಚ್ 31ಕ್ಕೆ. ನಮ್ಮ ಕಾರವಾರದ ನೌಕಾನೆಲೆಗೆ ರಾಜೀವ್ ಗಾಂಧಿ ಕಲ್ಲು ಇಟ್ಟದ್ದು 1986ರ ಅಕ್ಟೋಬರ್ 24ಕ್ಕೆ. ಇಂಥ ದೊಡ್ಡ ಕೆಲಸಗಳ ತಾರೀಕು ಪುಸ್ತಕದಲ್ಲಿ ಸಿಗುತ್ತದೆ. ಸಣ್ಣ ಊರಿನ ಒಂದು ಶಾಲೆ, ಒಂದು ಬಾವಿ, ಒಂದು ಧರ್ಮಛತ್ರದ ತಾರೀಕು ಎಲ್ಲಿ ಸಿಗಬೇಕು? ಕಟ್ಟಡ ಬಿದ್ದಿರುತ್ತದೆ. ಕಲ್ಲನ್ನು ಯಾರೋ ಒಯ್ದು ಬಚ್ಚಲಿಗೆ ಹಾಸಿರುತ್ತಾರೆ. ಕೆಲವು ಸಲ ಉಳಿಯುವುದು ಈ ಕರಣೆ ಮಾತ್ರ. ಅದೂ ಕಟ್ಟಡ ಇದ್ದ ಊರಲ್ಲಿ ಇರುವುದಿಲ್ಲ. ಕಲ್ಲು ಇಟ್ಟವರ ಜೊತೆ ಅವರ ಮನೆಗೆ ಹೋಗಿರುತ್ತದೆ. ವರ್ಗ ಆದಲ್ಲೆಲ್ಲ ಸುತ್ತಿರುತ್ತದೆ. ಹಾಗಾಗಿ ನನಗೆ ಬೆಳ್ಳಿಗಿಂತ ಜಾಸ್ತಿ ಅದರ ಮೇಲಿನ ಅಕ್ಷರ ಬೇಕು. ಅಕ್ಷರ ಹೋದ ಕರಣೆ ಬರೀ ಬೆಳ್ಳಿ.

ನನ್ನ ಹತ್ತಿರ ಇರುವುದು ಮೂರೇ ಕರಣೆ. ಮೊದಲನೆಯದು ಕರಣೆಯೇ ಅಲ್ಲ. ಮಗಳ ಮನೆಗೆ ಮುಂಬೈಗೆ ಹೋದಾಗ ಚೋರ್ ಬಜಾರಿನಲ್ಲಿ ಕೊಂಡದ್ದು. ಮಾರುವವನು ಅಡಿಗಲ್ಲಿನ ಥಾಪಿ ಅಂತಲೇ ಹೇಳಿದ. ಹಲಗೆಯ ತುಂಬಾ ಸಣ್ಣ ಸಣ್ಣ ತೂತಿನ ಚಿತ್ತಾರ. ಮನೆಗೆ ತಂದು ಓದಿ ತಿಳಿದುಕೊಂಡೆ. ಅದು ಇಂಗ್ಲಿಷರು ಊಟದ ಮೇಜಿನಲ್ಲಿ ಮೀನು ಬಡಿಸುತ್ತಿದ್ದ ಸಟ್ಟುಗ. ನೀರು ಬಸಿದು ಹೋಗಲಿ ಅಂತ ತೂತು. ಮೊದಮೊದಲು ಆ ಸಟ್ಟುಗವನ್ನು ಗವಂಡಿಯ ಕರಣೆ ನೋಡಿಯೇ ಮಾಡುತ್ತಿದ್ದರಂತೆ. ಹಾಗಾಗಿ ಯಾರಿಗಾದರೂ ಮೋಸ ಆಗುತ್ತದೆ. ಆಮೇಲೆ ನಾನು ಮೊದಲು ನೋಡುವುದು ಕತ್ತನ್ನು. ನಿಜವಾದ ಕರಣೆಯ ಕತ್ತು ಮೆಟ್ಟಿಲಿನ ಹಾಗೆ ಮೇಲೆದ್ದಿರುತ್ತದೆ. ಹಲಗೆ ಕಲ್ಲಿಗೆ ಮಟ್ಟವಾಗಿ ಕೂತಾಗ ಬೆರಳು ಗಾರೆಗೆ ತಾಗಬಾರದು ನೋಡಿ.

ಎರಡನೆಯದಕ್ಕೆ ಬೆಳ್ಳಿಯ ಲೇಪ ಮಾತ್ರ. ಒಳಗೆ ಜರ್ಮನ್ ಸಿಲ್ವರ್. ಹೆಸರಲ್ಲಿ ಸಿಲ್ವರ್ ಇದ್ದರೂ ಅದರಲ್ಲಿ ಬೆಳ್ಳಿ ಚೂರೂ ಇಲ್ಲ. ತಾಮ್ರ, ನಿಕ್ಕಲ್ಲು, ಸತು ಸೇರಿಸಿ ಮಾಡಿದ್ದು. ಆದರೆ ಅದರ ಮೇಲಿನ ಅಕ್ಷರ ಚೆನ್ನಾಗಿ ಉಳಿದಿದೆ. ನನಗೆ ಅಷ್ಟು ಸಾಕು. ಮೂರನೆಯದು ಒಬ್ಬ ಸ್ನೇಹಿತರು ಕೊಟ್ಟದ್ದು. ಇನ್ನೊಂದು ಸಿಕ್ಕಿತ್ತು, ಅದಕ್ಕೆ ಆನೆದಂತದ ಹಿಡಿ. ನಾನು ಮುಟ್ಟಲಿಲ್ಲ. ದಂತದ ವ್ಯಾಪಾರ ಕಾನೂನಿಗೆ ವಿರೋಧ. ಕಾನೂನು ಇರದಿದ್ದರೂ ಬೇಡ ಅನ್ನುತ್ತಿದ್ದೆ.

ದೇವಿಮನೆ ಘಟ್ಟದಲ್ಲಿ ಮಳೆ ಜೋರು. ಕುಮಟೆಯಲ್ಲಿ ಬಸ್ಸು ಬದಲಿಸಿ, ಅಂಕೋಲೆ ದಾಟಿ, ಕಾರವಾರ ಮುಟ್ಟುವಾಗ ಮಧ್ಯಾಹ್ನ ಎರಡಾಗಿತ್ತು. ಊಟ ಮಾಡಲಿಲ್ಲ.

ಶೇಟ್ರ ಅಂಗಡಿ ಸಣ್ಣದು. ಒಬ್ಬರು ವಯಸ್ಸಾದ ಅಮ್ಮ ಬೆಂಚಿನ ಮೇಲೆ ಕೂತಿದ್ದರು. ಎದುರಿಗೆ ಹಳೇ ಪಂಚೆಯಲ್ಲಿ ಕಟ್ಟಿ ತಂದ ಬೆಳ್ಳಿ ಸಾಮಾನು ಹರಡಿತ್ತು. ಮೊಮ್ಮಗಳ ಮದುವೆಗೆ ಜೋಡಿ ದೀಪ ಮಾಡಿಸಬೇಕಂತೆ. ಬೆಳ್ಳಿ ಕೆಜಿಗೆ ಲಕ್ಷ ದಾಟಿದ ಮೇಲೆ ಹೊಸದು ಕೊಳ್ಳುವುದು ಯಾರಿಗೂ ಸುಲಭ ಅಲ್ಲ. ಹಳೆಯದನ್ನು ಕರಗಿಸಿಯೇ ಮಾಡಿಸಬೇಕು. ಅದನ್ನು ತಪ್ಪು ಅನ್ನಲು ನನಗೆ ಮನಸ್ಸು ಬರುವುದಿಲ್ಲ. ನಮ್ಮ ಮನೆಯಲ್ಲೂ ಹಾಗೇ ಮಾಡಿದ್ದಾರೆ.

ಆ ರಾಶಿಯನ್ನು ನೋಡುತ್ತಾ ನಾನು ಕರಣೆಯನ್ನೇ ಮರೆತೆ. ಒಂದು ಅತ್ತರದಾನಿ. ಉದ್ದ ಕತ್ತಿನ ಪನ್ನೀರುದಾನಿ, ಅದರ ಮೂತಿ ನಜ್ಜಾಗಿತ್ತು. ಕೂಸಿಗೆ ಹಾಲು ಕುಡಿಸುವ ಒಳಲೆ, ಅದರ ಅಂಚಿನಲ್ಲಿ ಹಲ್ಲಿನ ಗುರುತು. ಹಲ್ಲು ಬಂದ ಮೇಲೂ ಯಾವುದೋ ಮಗು ಒಳಲೆ ಬಿಟ್ಟಿರಲಿಲ್ಲ. ಗಂಧದ ಬಟ್ಟಲು, ತಳದಲ್ಲಿ ಇನ್ನೂ ಹಳದಿ. ಎರಡು ಕುಂಕುಮದ ಭರಣಿ, ಒಂದಕ್ಕೆ ಮುಚ್ಚಳ ಇಲ್ಲ. ಮತ್ತೆ ಒಂದು ಸುಣ್ಣದ ಡಬ್ಬಿ. ಹೆಬ್ಬೆರಳಿನಷ್ಟು ದೊಡ್ಡದು. ಮುಚ್ಚಳಕ್ಕೆ ಸಣ್ಣ ಸರಪಳಿ, ಸರಪಳಿಯ ತುದಿಗೆ ಸುಣ್ಣ ತೆಗೆಯುವ ಕಡ್ಡಿ. ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಕೊಕ್ಕೆ ಬೇರೆ. ಕವಳ, ಅಂದರೆ ಎಲೆಯಡಿಕೆ, ಹಾಕುವವರ ಮನೆಯಲ್ಲಿ ಹುಟ್ಟಿದವನು ನಾನು. ಆ ಡಬ್ಬಿಯಿಂದ ಕಣ್ಣು ಕೀಳಲು ಆಗಲಿಲ್ಲ.

ಕರಣೆ ಕೆಳಗಿತ್ತು. ಕಪ್ಪಾಗಿತ್ತು. ವೀಳ್ಯದೆಲೆಯ ಆಕಾರದ ಹಲಗೆ. ಕತ್ತು ಮೆಟ್ಟಿಲಿನ ಹಾಗೆ ಸರಿಯಾಗಿ ಎದ್ದಿತ್ತು. ಮರದ ಹಿಡಿ ಸೀಳಿ ಹೋಗಿತ್ತು. ಶೇಟ್ರು ಹಿಡಿ ಬಿಚ್ಚಿ ತೂಗಿದ್ದರು. 15 ತೊಲ, ಅಂದರೆ ಸುಮಾರು 175 ಗ್ರಾಂ.

ಹಿಂದುಗಡೆ ಭೂತಗನ್ನಡಿ ಹಿಡಿದು ನೋಡಿದೆ. ಸಾಲಾಗಿ ಸಣ್ಣ ಮುದ್ರೆಗಳು. ನಡೆಯುವ ಸಿಂಹ. ಅದು ಇಂಗ್ಲೆಂಡಿನ ಸ್ಟರ್ಲಿಂಗ್ ಗುರುತು, ಸಾವಿರಕ್ಕೆ 925 ಪಾಲು ಬೆಳ್ಳಿ. ಪಕ್ಕದಲ್ಲಿ ಒಂದು ಲಂಗರು.

"ಇದು ಹಡಗಿನವರದ್ದಾ ಮಾಸ್ತರೇ?" ಶೇಟ್ರು ಕೇಳಿದರು. ಕಡಲೂರಿನವರಿಗೆ ಹಾಗೆ ಅನ್ನಿಸುವುದು ಸಹಜ. ಆದರೆ ಲಂಗರು ಬರ್ಮಿಂಗ್‌ಹ್ಯಾಮ್ ಊರಿನ ಮುದ್ರೆ. ಅಲ್ಲಿ ಸಮುದ್ರವೇ ಇಲ್ಲ. 1773ರಿಂದ ಅಲ್ಲಿ ಬೆಳ್ಳಿ ಪರೀಕ್ಷೆ ಮಾಡಿ ಲಂಗರು ಒತ್ತುತ್ತಾರೆ. ಇನ್ನೊಂದು ವಿಷಯ ಇದೆ. ಹಳೇ ಇಂಗ್ಲಿಷ್ ಬೆಳ್ಳಿಯ ಮೇಲೆ ರಾಜನದ್ದೋ ರಾಣಿಯದ್ದೋ ತಲೆಯ ಸಣ್ಣ ಮುದ್ರೆ ಇರುತ್ತದೆ, ತೆರಿಗೆ ಕಟ್ಟಿದ್ದಕ್ಕೆ ಗುರುತು. ಆ ತೆರಿಗೆ 1890ರಲ್ಲಿ ನಿಂತಿತು. ಇದರ ಮೇಲೆ ತಲೆ ಇರಲಿಲ್ಲ. ಹಾಗಾದರೆ ಇದು 1890ರ ನಂತರದ್ದು. ವರ್ಷ ಹೇಳುವ ಅಕ್ಷರವೂ ಒಂದು ಇರಬೇಕು. ಅದು ಸವೆದು ಬರೀ ಚೌಕ ಉಳಿದಿತ್ತು. ನಮ್ಮ ದೇಶದಲ್ಲಿ ಆಗ ಇಂಥ ಸರ್ಕಾರಿ ಮುದ್ರೆ ಇರಲಿಲ್ಲ. ಮದ್ರಾಸಿನ ಪಿ. ಓರ್ ಅಂಗಡಿಯಾಗಲಿ, ಕಲ್ಕತ್ತೆಯ ಹ್ಯಾಮಿಲ್ಟನ್ ಆಗಲಿ, ತಮ್ಮ ತಮ್ಮ ಹೆಸರು ಒತ್ತುತ್ತಿದ್ದರು. ಬೆಳ್ಳಿಗೆ ಸರ್ಕಾರದ ಹಾಲ್‌ಮಾರ್ಕ್ ಬಂದದ್ದು 2005ರಲ್ಲಿ.

ಮುಂದಿನ ಬದಿ ತಿರುಗಿಸಿದೆ. ನುಣುಪು. ನನ್ನ ಎದೆ ಧಸಕ್ಕೆಂದಿತು. ಅಂಚಿಗೆ ಹೂಬಳ್ಳಿಯ ನೆರಳು ಇತ್ತು, ನಡುವೆ ಏನೂ ಇಲ್ಲ.

"ನಮ್ಮ ಅತ್ತೆ ಪ್ರತಿ ಚೌತಿಗೆ ರಂಗೋಲಿ ಪುಡಿ ಹಾಕಿ ತಿಕ್ಕೋರು" ಅಂದರು ಅಮ್ಮ. "ಫಳ ಫಳ ಹೊಳೀಬೇಕು ಅವರಿಗೆ. ಗಣಪತಿ ಎದುರಿಗೆ ಪಂಚಕಜ್ಜಾಯ ಬಡಿಸೋಕೆ ಇದನ್ನೇ ತೆಗೆಯೋರು."

"ಅಮ್ಮಾ, ಇದು ಎಲ್ಲಿಂದ ಬಂತು ಗೊತ್ತಾ?"

"ನಮ್ಮ ಯಜಮಾನರ ಅಜ್ಜನ ಕಾಲದ್ದು. ಅವರು ಓವರ್‌ಸೀರ್ ಆಗಿದ್ರಂತೆ. ಎಲ್ಲೆಲ್ಲೋ ವರ್ಗ. ಅಷ್ಟೇ ಗೊತ್ತು."

ಕಾರವಾರ 1862ರಿಂದ ಮುಂಬೈ ಪ್ರಾಂತ್ಯದಲ್ಲಿತ್ತು. ಧಾರವಾಡ, ಬೆಳಗಾವಿ, ರತ್ನಾಗಿರಿ, ಎಲ್ಲಿಗೆ ಬೇಕಾದರೂ ವರ್ಗ ಆಗಿರಬಹುದು. ಅಕ್ಷರ ಸಿಗದೆ ಮುಂದೆ ದಾರಿ ಇರಲಿಲ್ಲ.

ಕೈಯಿಂದ ಕೆತ್ತುವವರು ಇಂಗ್ಲಿಷ್ ಅಕ್ಷರದ ದಪ್ಪ ಗೆರೆಯನ್ನು ಆಳವಾಗಿ ತೆಗೆಯುತ್ತಾರೆ. ಸಣ್ಣ ಗೆರೆ ಕೂದಲಿನಷ್ಟು ತೆಳು, ಮೇಲೆ ಮೇಲೆ. ತಿಕ್ಕಿದರೆ ಮೊದಲು ಹೋಗುವುದು ಸಣ್ಣ ಗೆರೆ. ದಪ್ಪ ಗೆರೆ ಕಣ್ಣಿಗೆ ಕಾಣದಷ್ಟು ಸವೆದರೂ ತಳ ಉಳಿದಿರುತ್ತದೆ. ಹಲಗೆಯ ಮೇಲೆ ಬಾಯಿಂದ ಹಬೆ ಊದಿದೆ. ಒಂದು ಕ್ಷಣ ಏನೋ ಕಂಡು ಮಾಯವಾಯಿತು. ಸಾಕಾಯಿತು ನನಗೆ. ಏನೋ ಇದೆ.

ಬೆಳ್ಳಿ ಕಟ್ಟಿಕೊಡುವ ಗುಲಾಬಿ ಬಣ್ಣದ ತೆಳು ಕಾಗದ ಇರುತ್ತದಲ್ಲ, ಅದನ್ನು ಶೇಟ್ರ ಹತ್ತಿರ ಕೇಳಿ ತಕ್ಕೊಂಡೆ. ಹಲಗೆಯ ಮೇಲೆ ಬಿಗಿಯಾಗಿ ಹಾಸಿ, ಪೆನ್ಸಿಲ್ ಮಲಗಿಸಿ ಹಗುರವಾಗಿ ಉಜ್ಜಿದೆ. ಮೊದಲ ಕಾಗದ ಹರಿಯಿತು. ಎರಡನೆಯದರಲ್ಲಿ ಕೈ ನಡುಗಿತು. ಮೂರನೆಯದರಲ್ಲಿ ಬಂತು. ನಡುವೆ, ಹೆಸರು ಇರಬೇಕಾದ ಕಡೆ, ಬೂದು ಬಣ್ಣ ಮಾತ್ರ. ಮೇಲೆ "ಸ್ಟೋನ್" ಅನ್ನುವ ಮಾತಿನ ಕಾಲುಗಳು. ಕೆಳಗೆ "ಜನವರಿ", ಆಮೇಲೆ 19, ಮುಂದಿನ ಎರಡು ಅಂಕಿ ಇಲ್ಲ. ಅದರ ಮೇಲಿನ ಸಾಲಿನಲ್ಲಿ ಎರಡು ಮಾತು ಬೆಳಕಿಗೆ ಓರೆ ಹಿಡಿದಾಗ ಸ್ಪಷ್ಟ ಕಂಡವು. "ಗರ್ಲ್ಸ್ ಸ್ಕೂಲ್."

ನಾನು ಜೋರಾಗಿ ಓದಿದೆ.

"ಹಂಗಂದ್ರೆ?" ಅಮ್ಮ ಕೇಳಿದರು.

"ಹೆಣ್ಣುಮಕ್ಕಳ ಶಾಲೆ. ಯಾವುದೋ ಹೆಣ್ಣುಮಕ್ಕಳ ಶಾಲೆಗೆ ಅಡಿಗಲ್ಲು ಇಟ್ಟ ದಿನದ್ದು ಇದು. ನೂರು ವರ್ಷದ ಹಿಂದೆ."

ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕರಣೆಯನ್ನು ಕೈಗೆ ತೆಗೆದುಕೊಂಡರು. "ನಾನು ನಾಲ್ಕನೇ ಇಯತ್ತೆಗೇ ಬಿಟ್ಟೆ. ನಮ್ಮ ಅತ್ತೆಗೆ ಅದೂ ಇಲ್ಲ. ಇದರ ಮೇಲೆ ಬರೆದಿದ್ದು ಅವರಿಗೆ ಗೊತ್ತೇ ಇರಲಿಲ್ಲ. ಯಾರೂ ಹೇಳಲಿಲ್ಲ."

ನನ್ನ ಜೇಬಿನಲ್ಲಿ ದುಡ್ಡಿತ್ತು. ತೂಕದ ಬೆಲೆಗಿಂತ ಜಾಸ್ತಿಯೇ ಕೊಡುತ್ತೇನೆ ಅಂತ ದಾರಿಯಲ್ಲೇ ಲೆಕ್ಕ ಹಾಕಿಕೊಂಡು ಬಂದಿದ್ದೆ. ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಅಂದರು, "ಶೇಟ್ರೇ, ಇದೊಂದು ಬೇಡ. ದೀಪ ಸ್ವಲ್ಪ ಸಣ್ಣದಾದ್ರೂ ಅಡ್ಡಿಲ್ಲ. ಇದನ್ನ ಮೊಮ್ಮಗಳಿಗೇ ಕೊಡ್ತೆ. ಅವಳು ಎಂ.ಎಸ್ಸಿ. ಓದಿದಾಳೆ."

ನನಗೆ ಬೇಜಾರಾಯಿತು. ಸುಳ್ಳು ಹೇಳುವುದಿಲ್ಲ. ಐದು ತಾಸು ಬಸ್ಸಿನಲ್ಲಿ ಕೂತು ಬಂದದ್ದು ಇದಕ್ಕಾಗಿಯೇ. ಆದರೆ ಅವರು ಅದನ್ನು ಸೆರಗಿನಿಂದ ಒರೆಸುವ ರೀತಿ ನೋಡಿ ದುಡ್ಡಿನ ಮಾತು ಎತ್ತಲಿಲ್ಲ. ಹಿಡಿಯನ್ನು ಶಿರಸಿಯ ಮರ ಕೆತ್ತುವ ಗುಡಿಗಾರರ ಹತ್ತಿರ ಹೊಸದಾಗಿ ಮಾಡಿಸಿ ಕೊಡುತ್ತೇನೆ ಅಂತ ಹೇಳಿದೆ. ಹಿಡಿಯ ಅಳತೆ ಬರೆದುಕೊಂಡೆ. ಅಮ್ಮನಿಗೆ ಬೇಕು ಅಂತ, ಕಾಗದದಲ್ಲಿ ಸಿಕ್ಕ ಅಕ್ಷರವನ್ನು ದೊಡ್ಡದಾಗಿ ಕನ್ನಡದಲ್ಲಿ ಬರೆದು ಕೊಟ್ಟೆ.

ಜೋಪಾನ ಮಾಡುವುದನ್ನೂ ಹೇಳಿದೆ. ರಂಗೋಲಿ ಪುಡಿ ಬೇಡ, ವಿಭೂತಿ ಬೇಡ, ಹಲ್ಲುಪುಡಿ ಬೇಡವೇ ಬೇಡ. ಬೆಳ್ಳಿ ಕಪ್ಪಾಗುವುದು ಗಾಳಿಯಲ್ಲಿರುವ ಗಂಧಕದಿಂದ. ಕಪ್ಪಾದರೆ ಬೆಳ್ಳಿ ಹಾಳಾಗುವುದಿಲ್ಲ, ತಿಕ್ಕಿದರೆ ಹಾಳಾಗುತ್ತದೆ. ಅಂಟುವಾಳದ ನೀರಿನಲ್ಲಿ ತೊಳೆದು, ಮೆತ್ತಗಿನ ಬಟ್ಟೆಯಲ್ಲಿ ಒರೆಸಿದರೆ ಸಾಕು. ಪೇಪರಿನಲ್ಲಿ ಸುತ್ತಬಾರದು. ರಬ್ಬರ್ ಬ್ಯಾಂಡ್ ಹಾಕಲೇಬಾರದು. ರಬ್ಬರಿನಲ್ಲಿ ಗಂಧಕ ಇರುತ್ತದೆ, ಒಂದೇ ಮಳೆಗಾಲದಲ್ಲಿ ಅದರ ಗೆರೆ ಬೆಳ್ಳಿಯ ಮೇಲೆ ಮೂಡುತ್ತದೆ. ತೊಳೆದ ಹತ್ತಿಬಟ್ಟೆಯಲ್ಲಿ ಸುತ್ತಿ, ಡಬ್ಬಿಯಲ್ಲಿ ಒಂದೆರಡು ಸೀಮೆಸುಣ್ಣದ ತುಂಡು ಇಟ್ಟರೆ ತೇವ ಎಳೆದುಕೊಳ್ಳುತ್ತದೆ. ಕರಾವಳಿಯಲ್ಲಿ ಇದು ಬಹಳ ಮುಖ್ಯ. ಮಾಸ್ತರಿಕೆ ಬಿಟ್ಟು ಹತ್ತು ವರ್ಷ ಆದರೂ ಸೀಮೆಸುಣ್ಣ ನನ್ನ ಚೀಲದಲ್ಲಿ ಇರುತ್ತದೆ. ಎರಡು ತುಂಡು ಕೊಟ್ಟೆ.

ಉಳಿದದ್ದು ಕರಗಲೇಬೇಕಿತ್ತು. ಒಳಲೆಯನ್ನು ಅಮ್ಮ ತಾವೇ ವಾಪಸ್ ಎತ್ತಿಟ್ಟುಕೊಂಡರು. ನಾನು ಸುಣ್ಣದ ಡಬ್ಬಿ ಕೇಳಿದೆ. ತೂಕದ ಬೆಲೆ ಸಾಕು ಅಂದರು. ನಾನು ಮೇಲೆ ಸ್ವಲ್ಪ ಸೇರಿಸಿ ಕೊಟ್ಟೆ. ಪನ್ನೀರುದಾನಿಗೆ ದುಡ್ಡು ಸಾಲಲಿಲ್ಲ. ಅದು ಮರುದಿನ ಮೂಸೆಗೆ ಹೋಗಿದೆ. ಇವತ್ತಿಗೂ ಅದರ ಕತ್ತು ಕಣ್ಣ ಮುಂದೆ ಬರುತ್ತದೆ.

ರಾತ್ರಿ ಮನೆ ಮುಟ್ಟುವಾಗ ಹತ್ತು ದಾಟಿತ್ತು. ಗುಲಾಬಿ ಕಾಗದವನ್ನು ಪುಸ್ತಕದ ನಡುವೆ ಇಟ್ಟುಕೊಂಡು ಬಂದಿದ್ದೆ, ನೆನೆದಿರಲಿಲ್ಲ. ಅದನ್ನು ಮೂರು ಕರಣೆಗಳ ಪೆಟ್ಟಿಗೆಯಲ್ಲಿ ಇಟ್ಟೆ. ಆಮೇಲೆ ದೀಪದ ಕೆಳಗೆ ಕೂತು ಡಬ್ಬಿಯ ಮುಚ್ಚಳ ತಿರುವಿದೆ. ಬಿಗಿಯಾಗಿತ್ತು. ನಿಧಾನಕ್ಕೆ ಬಿಚ್ಚಿತು. ಒಳಗೆ ಒಣಗಿದ ಸುಣ್ಣ ಇತ್ತು, ಚಿಪ್ಪಿನ ಸುಣ್ಣ, ಬೆಳ್ಳಗೆ. ಅದರ ಮೇಲೆ ಯಾರೋ ಕೊನೆಯ ಸಲ ಕಡ್ಡಿ ಎಳೆದ ಗೀರು ಹಾಗೇ ಉಳಿದಿತ್ತು. ತೊಳೆಯದೆ ಮುಚ್ಚಳ ಹಾಕಿಟ್ಟೆ.