ಗುರುವಾರ ಹುಬ್ಬಳ್ಳಿಗೆ ಹೋಗೂದೋ ಬ್ಯಾಡೋ

ನನ್ನ ಅಂಗವಿಕಲತೆ ಶೇಕಡಾ ಕಡಿಮಿ ಮಾಡಿದ್ದಕ್ಕ ನಾ ಹಾಕಿದ ಮೇಲ್ಮನವಿಯ ನೋಟಿಸ್ ಬಂದು ಇವತ್ತಿಗೆ ಒಂಬತ್ತು ದಿನ. ಕೀಬೋರ್ಡಿನ ಕೆಳಗ ಇಟ್ಟೀನಿ, ಲಗ್ನಪತ್ರ ಟೈಪ್ ಮಾಡುವಾಗ ಅದರ ತುದಿ ಹೊರಗ ಕಾಣ್ತಿರತೈತಿ, ತಗದು ಓದ್ತೀನಿ, ಮತ್ತ ಒಳಗ ಸರಸ್ತೀನಿ. ನಾಕು ಸಾಲು ಅಷ್ಟ, ಬಾಯಿಪಾಠ ಆಗೈತಿ. ಅರ್ಜಿದಾರರು ಗುರುವಾರ ಮುಂಜಾನೆ ಹತ್ತೂವರಿಗೆ ಮೂಲ ದಾಖಲಾತಿ ತಗೊಂಡು ಮೇಲ್ಮನವಿ ಮಂಡಳಿ ಮುಂದ ಹಾಜರಿರಬೇಕು, ಬರದಿದ್ರ ಕಡತದಾಗ ಇರೋ ಕಾಗದಪತ್ರ ನೋಡಿ ತೀರ್ಮಾನ ತಗೋತಾರಂತ. ಅಂದ್ರ ನಾ ಹೋಗದಿದ್ರೂ ಕೇಸ್ ಮುಗೀತೈತಿ. ಆ ಕಡೀ ಸಾಲ ನನ್ನ ನಿದ್ದಿ ಕೆಡಿಸಿದ್ದು.

ಗೊತ್ತಿಲ್ಲದವ್ರಿಗೆ ಹೇಳ್ತೀನಿ. ನಾನು ಬೆಟಗೇರಿಯಾಕಿ, ಎಡಗಾಲಿಗೆ ಪೋಲಿಯೋ. 1981ರಾಗ ಹುಟ್ಟಿದ್ದು, ಒಂದೂವರಿ ವರ್ಷದಾಕಿದ್ದಾಗ ಜ್ವರ ಬಂತು, ಮೂರು ದಿನಕ್ಕ ಜ್ವರ ಇಳೀತು ಆದ್ರ ಕೂಸು ಎಡಗಾಲು ಎತ್ತವಲ್ದು ಅಂತ ಅವ್ವ ಇವತ್ತಿಗೂ ಹೇಳ್ಕೊಂಡು ಅಳ್ತಾಳ. ದೇಶದಾಗ ಪಲ್ಸ್ ಪೋಲಿಯೋ ಹನಿ ಹಾಕೋದು ಸುರು ಆಗಿದ್ದು 1995ರಾಗ, ಅಷ್ಟೊತ್ತಿಗೆ ನಾ ಹೈಸ್ಕೂಲಿನ್ಯಾಗಿದ್ದೆ. ಗದಗಂದ್ರ ಮುದ್ರಣ ಕಾಶಿ ಅಂತಾರಲ್ರಿ, ಇಲ್ಲಿ ಒಂದು ಪ್ರೆಸ್ಸಿನ್ಯಾಗ ಇಪ್ಪತ್ತು ವರ್ಷದಿಂದ ಡಿಟಿಪಿ ಮಾಡ್ಕೊಂಡು ಬಂದೀನಿ.

1998ರಾಗ ನನಗ ಮೊದಲನೇ ಸರ್ಟಿಫಿಕೇಟ್ ಕೊಟ್ಟಿದ್ರು, ಶೇಕಡಾ 78 ಅಂತ, ಕೈಬರಹದ್ದು, ಮ್ಯಾಲ ದುಂಡನೆ ಸೀಲು. ಆಮ್ಯಾಲ ಎಲ್ಲಾರೂ ಯುಡಿಐಡಿ ಕಾರ್ಡ್, ಅಂದ್ರ ಅಂಗವಿಕಲರ ಗುರುತಿನ ಚೀಟಿ, ಮಾಡಿಸ್ಕೋಬೇಕು ಅಂತ ಬಂತು, ನಮ್ಮ ವಾರ್ಡಿನ ನಗರ ಪುನರ್ವಸತಿ ಕಾರ್ಯಕರ್ತ, ಅಂದ್ರ ಯುಆರ್‌ಡಬ್ಲ್ಯೂ ಅಣ್ಣಾರ ಆನ್‌ಲೈನ್ ಅರ್ಜಿ ಹಾಕಿಕೊಟ್ರು, 2022ರ ಡಿಸೆಂಬರ್‌ದಾಗ ಒಂದು ಸರ್ಕಾರಿ ಆಸ್ಪತ್ರಿಗೆ ಕರೆದು ಮತ್ತೊಮ್ಮೆ ತಪಾಸಣಿ ಮಾಡಿದ್ರು, ಕಾರ್ಡ್ ಬಂತು, ಅದರಾಗ ಶೇಕಡಾ 62 ಅಂತ ಐತಿ. ನಮ್ಮ ರಾಜ್ಯದಾಗ ಈಗ ಅಂಗವಿಕಲರ ಮಾಸಾಶನ ಹೆಂಗೈತಿ ಅಂದ್ರ ಶೇಕಡಾ 40ರಿಂದ 75ರ ತನಕ ತಿಂಗಳಿಗೆ 800 ರೂಪಾಯಿ, 75 ದಾಟಿದ್ರ 1400. ಹಿಂಗಾಗಿ ನನ್ನ ಖಾತೆಗೆ ಬರೋದ್ರಾಗ 600 ಹೋತು. ನಮ್ಮಣ್ಣ, ಅಯ್ಯ ಆರುನೂರು ರೂಪಾಯಿಗೆ ಎಷ್ಟು ತಲಿ ಕೆಡಿಸ್ಕೋತಿ ಬಿಡು ತಂಗಿ, ನಾ ಕೊಡ್ತೀನಿ ಅಂದ. ಅಣ್ಣ ಪ್ರೀತಿಲೇ ಅಂದಿದ್ದು. ಆದ್ರ ಒಂದು ಪುಟ ಟೈಪ್ ಮಾಡಿದ್ರ ನನಗ 20 ರೂಪಾಯಿ ಸಿಗ್ತೈತಿ, 600 ಅಂದ್ರ 30 ಪುಟ, ಬೆನ್ನು ಹಿಡಕೊಂಡು ಎರಡು ದಿನ ಕುಂತ್ರ ಆಗೋ ಕೆಲಸ. ನನ್ನ ನೋವಿನ ಗುಳಗಿ, ಅವ್ವನ ಬಿಪಿ ಗುಳಗಿ ಎರಡೂ ಅದರಾಗ ಬರ್ತಿದ್ವು. ಅಣ್ಣನ ಮುಂದ ಗುಳಗಿಗೆ ಕೈ ಚಾಚೂದು ನನಗ ಆಗಂಗಿಲ್ಲ, ವೈನಿ ಏನೂ ಅನ್ನಂಗಿಲ್ಲ ಖರೆ, ಆದ್ರೂ ಆಗಂಗಿಲ್ಲ.

ಮೇಲ್ಮನವಿ ಹಾಕಾಕ ಬರ್ತೈತಿ ಅಂತ ನನಗ ಗೊತ್ತ ಇರಲಿಲ್ಲ. ಯುಆರ್‌ಡಬ್ಲ್ಯೂ ಅಣ್ಣಾರ ಹೇಳಿದ್ದು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಐತಲ್ರಿ, 2017ರ ಏಪ್ರಿಲ್ 19ರಿಂದ ಜಾರಿಗೆ ಬಂದದ್ದು, ಅದರ 59ನೇ ಕಲಮಿನ್ಯಾಗ ಸ್ಪಷ್ಟ ಐತಿ, ಸರ್ಟಿಫಿಕೇಟ್ ಕೊಡೋ ಪ್ರಾಧಿಕಾರದ ತೀರ್ಮಾನ ಸರಿ ಅನಸದಿದ್ರ ರಾಜ್ಯ ಸರ್ಕಾರ ನೇಮಿಸಿದ ಮೇಲ್ಮನವಿ ಪ್ರಾಧಿಕಾರದ ಮುಂದ ಹೋಗಬಹುದು. ಮಂದಿಯ ಅರ್ಜಿ ಅಫಿಡವಿಟ್ ಎಷ್ಟು ಟೈಪ್ ಮಾಡೀನೋ ಲೆಕ್ಕ ಇಲ್ಲ, ನನ್ನ ಹೆಸರಿನ ಅರ್ಜಿ ಟೈಪ್ ಮಾಡುವಾಗ ಮಾತ್ರ ಕೈ ತಡವರಿಸಿದ್ವು. ಏನಂತ ಬರೀಲಿ? ನನ್ನ ಕಾಲು ನೀವು ಅಂದಕಿಂತ ಕೆಟ್ಟೈತಿ ಅಂತ ಬರೀಬೇಕಲ್ಲ.

ಈಗ ನಿಮಗ ಆ ಡಿಸೆಂಬರ್ ದಿನದ್ದು ಹೇಳಬೇಕು, ಯಾಕಂದ್ರ ಎಲ್ಲಾ ಅಲ್ಲೇ ಐತಿ.

ನನ್ನ ತೊಡಿ ಸ್ನಾಯುದಾಗ ಶಕ್ತಿ ಇಲ್ಲ. ಹಿಂಗಾಗಿ ನಾ ಎಡಗೈ ತೊಡಿ ಮ್ಯಾಲ ಒತ್ತಿ ಹಿಡದು ಹೆಜ್ಜಿ ಹಾಕ್ತೀನಿ, ಕೈ ತಗದ್ರ ಮೊಣಕಾಲು ಮಡಚಿ ಅಲ್ಲೇ ಕುಸೀತೀನಿ. ಆದ್ರ ಅದು ಯಾರಿಗೂ ಕಾಣಂಗಿಲ್ಲ. ಸಣ್ಣಾಕಿದ್ದಾಗ ಓಣಿ ಹುಡುಗ್ರು ಅಣಕಸ್ತಿದ್ರು, ಆವಾಗ ಅವ್ವ ಕಲಿಸಿಕೊಟ್ಟಿದ್ದು, ಮೊದಲು ದುಪಟ್ಟಾ, ಆಮ್ಯಾಲ ಸೀರಿ ಸೆರಗು, ಕೈ ಮ್ಯಾಲ ಹಂಗ ಇಳಿಬಿಡೋದು. ನೋಡಿದವ್ರಿಗೆ ಹೆಣ್ಮಗಳು ಸೆರಗು ಹಿಡಕೊಂಡು ಹೊಂಟಾಳ ಅನಸ್ತೈತಿ. ಮೂವತ್ತು ವರ್ಷದ ರೂಢಿ ಅದು, ಈಗ ನಾ ಬೇಕಂತ ಮಾಡೋದಲ್ಲ, ಕೈ ತಾನ ಹೋಗ್ತೈತಿ ಸೆರಗು ತಾನ ಬೀಳ್ತೈತಿ.

ಅವತ್ತೂ ಹಂಗ ನಡಕೊಂಡು ಹೋದೆ. ಒಳಗ ಸಣ್ಣ ವಯಸ್ಸಿನ ಡಾಕ್ಟರ್ ಇದ್ರು, ಹೊರಗ ಅರವತ್ತು ಎಪ್ಪತ್ತು ಮಂದಿ ಪಾಳಿ, ಅವ್ರದೂ ಪಾಪ ಕೆಲಸ ಭಾಳ. ನಡದು ತೋರಸ್ರಿ ಅಂದ್ರು, ನಾಕು ಹೆಜ್ಜಿ ನಡದೆ. ಪಾವಟಿಗಿ ಹತ್ತತೀರೇನು ಅಂತ ಕೇಳಿದ್ರು, ಹತ್ತತೀನ್ರಿ ಸರ್ ಅಂದೆ. ಕೆಲಸ ಮಾಡ್ತೀರೇನು, ಮಾಡ್ತೀನ್ರಿ ಸರ್. ಕೆಳಗ ಕುಂದರ್ತೀರೇನು, ಹೂಂ ರಿ ಸರ್. ಪಾವಟಿಗಿ ಹತ್ತತೀನಿ ಖರೆ, ಆದ್ರ ಕಟಾಂಜನ ಹಿಡಕೊಂಡು, ಒಂದೊಂದು ಮೆಟ್ಟಿಲಕ್ಕ ಬಲಗಾಲು ಇಟ್ಟು ಎಡಗಾಲು ಎಳಕೊಂಡು, ಮ್ಯಾಲೆ ಮುಟ್ಟಿ ಐದು ನಿಮಿಷ ನಿಂತು ದಮ್ಮು ತಗೊಂಡು. ಕೆಳಗ ಕುಂದರ್ತೀನಿ, ಏಳಾಕ ಯಾರರ ಕೈ ಕೊಡಬೇಕು. ಅದನ್ನ ಹೇಳಲಿಲ್ಲ. ಅವ್ರು ಕೇಳಲೂ ಇಲ್ಲ. ಕಾಲಿನ ಉದ್ದ ಅಳೀಲಿಲ್ಲ, ಟೇಪ್ ಮೇಜಿನ ಮ್ಯಾಲ ಇತ್ತು, ನನ್ನ ಕಣ್ಣಿಗೆ ಬಿದ್ದಿತ್ತು. ಐದು ನಿಮಿಷದಾಗ ಮುಗೀತು, ಹೊರಗ ಬಂದು ಚಲೋ ಮಾತಾಡಿದೆ ಅಂತ ನನಗ ಹೆಮ್ಮಿ ಬ್ಯಾರೆ.

62 ಅಂತ ಬಂದ ಮ್ಯಾಲ ನಾ ಕುಂತು ನಿಯಮ ಓದಿದೆ. ನನ್ನ ತಪಾಸಣಿ ಆದಾಗ ಜಾರಿಯಿದ್ದ 2018ರ ಜನವರಿ 4ರ ಗೆಜೆಟ್‌ನ್ಯಾಗ ಅಳತಿ ಹೆಂಗ ಮಾಡಬೇಕು ಅಂತ ಪೂರ್ತಿ ಕೊಟ್ಟಿದ್ರು, ಯಾರರ ಓದಬಹುದು. ಕಾಲಿನ ವಿಚಾರಕ್ಕ ಎರಡು ಭಾಗ ಅದಾವ, ಒಂದು ಕೀಲು ಎಷ್ಟು ತಿರಗ್ತಾವ ಸ್ನಾಯುದಾಗ ಎಷ್ಟು ಬಲ ಐತಿ ಅನ್ನೋದು, ಬಲಕ್ಕ ಸೊನ್ನಿಯಿಂದ 5ರ ತನಕ ದರ್ಜೆ ಕೊಡ್ತಾರ. ಇನ್ನೊಂದು ಸ್ಥಿರತೆ, ಅಂದ್ರ ಆ ಕಾಲಿನ ಮ್ಯಾಲ ಮನಷ್ಯಾ ನಿಂತು ಬಾಳೇವು ಮಾಡಬಹುದೇನು ಅನ್ನೋದು. ಸಪಾಟ ನೆಲದ ಮ್ಯಾಲ ನಡಿಯೋದು, ಇಳಿಜಾರಿನ್ಯಾಗ ನಡಿಯೋದು, ಪಾವಟಿಗಿ ಹತ್ತೋದು, ಎರಡೂ ಕಾಲ ಮ್ಯಾಲ ನಿಲ್ಲೋದು, ಬರೇ ಕೆಟ್ಟ ಕಾಲಿನ ಮ್ಯಾಲ ನಿಲ್ಲೋದು, ಕುಕ್ಕರಗಾಲಿಲೇ ಕೂಡೋದು, ಚಕ್ಕಳಮಕ್ಕಳ ಹಾಕೋದು, ಮೊಣಕಾಲೂರೋದು, ತಿರುಗೋದು, ಒಂದೊಂದಕ್ಕೂ 10 ಅಂಕ, ಒಟ್ಟು 90. ಕಾಲು ಗಿಡ್ಡ ಇದ್ರ ಅದಕ್ಕ ಬ್ಯಾರೆ ಲೆಕ್ಕ, ಮೊದಲಿನ ಅರ್ಧ ಇಂಚಿಗೆ ಏನೂ ಇಲ್ಲ, ಅದರ ಮುಂದಿನ ಪ್ರತಿ ಅರ್ಧ ಇಂಚಿಗೆ ಶೇಕಡಾ 4. ನನ್ನ ಎಡಗಾಲು ಬಲಗಾಲಕಿಂತ ಎರಡು ಇಂಚು ಗಿಡ್ಡ. ಲೆಕ್ಕ ಮಾಡ್ರಿ, 12 ಅಲ್ಲೇ ಆತು. ಓದ್ತಾ ಓದ್ತಾ ನನಗ ಗಂಟಲು ಕಟ್ಟಿತು, ಯಾಕಂದ್ರ ಆ ಒಂಬತ್ತರಾಗ ಎಷ್ಟು ನನ್ನ ಕೈಲಿ ಆಗಂಗಿಲ್ಲ ಅನ್ನೋದು ನಾ ಯಾರ ಮುಂದೂ, ನನ್ನ ಮುಂದೂ, ಒಮ್ಮೆನೂ ಎಣಿಸಿರಲಿಲ್ಲ.

ಇನ್ನೊಂದು ಮಾತು. ಭಾರತದಾಗ ಕಡೀ ಪೋಲಿಯೋ ಕೇಸ್ ಬಂದಿದ್ದು 2011ರ ಜನವರಿಯಾಗ, 2014ರ ಮಾರ್ಚ್‌ದಾಗ ಪೋಲಿಯೋ ಮುಕ್ತ ಅಂತ ಪ್ರಮಾಣಪತ್ರ ಸಿಕ್ತು. ಭಾಳ ದೊಡ್ಡ ಕೆಲಸ ಅದು, ಮನಿಮನಿಗೆ ಹೋಗಿ ಹನಿ ಹಾಕಿದ ಅಂಗನವಾಡಿ ಅಕ್ಕಂದಿರಿಗೆ ನಾ ಕೈ ಮುಗೀತೀನಿ. ಆದ್ರ ಈಗಿನ ಸಣ್ಣ ಡಾಕ್ಟರಿಗೆ ಪೋಲಿಯೋ ಕಾಲು ಅಂದ್ರ ಪುಸ್ತಕದ ಚಿತ್ರ. ನಾವು ಇನ್ನೂ ಇದ್ದೀವಿ, ನಲವತ್ತು ದಾಟೀವಿ, ಮತ್ತ ನಮ್ಮ ಕಾಲು ಹಂಗ ನಿಂತಿಲ್ಲ. ಪೋಸ್ಟ್ ಪೋಲಿಯೋ ಸಿಂಡ್ರೋಮ್ ಅಂತ ಐತಿ, ಪೋಲಿಯೋ ಬಂದು ಹದಿನೈದಿಪ್ಪತ್ತು ವರ್ಷ, ನಲವತ್ತು ವರ್ಷ ಆದ ಮ್ಯಾಲೂ ಸ್ನಾಯು ಮತ್ತ ಸೋಲಾಕ ಹತ್ತತಾವ, ದಣಿವು, ನೋವು, ಇಷ್ಟು ದಿನ ಎಲ್ಲಾ ಭಾರ ಹೊತ್ತ ಚಲೋ ಕಾಲೂ ದಣೀತೈತಿ. ಪೋಲಿಯೋ ಹೆಚ್ಚಾಗಂಗಿಲ್ಲ ಬಿಡ್ರಿ ಅಂತ ಆ ಡಿಸೆಂಬರ್‌ದಾಗ ಡಾಕ್ಟರ್ ಅಂದದ್ದು ನನಗ ಇನ್ನೂ ಕಿವ್ಯಾಗ ಐತಿ. ಐದು ವರ್ಷದ ಹಿಂದ ನಾ ಪ್ರೆಸ್ಸಿಂದ ಮನಿತನಕ ನಡಕೊಂಡು ಬರ್ತಿದ್ದೆ, ಈಗ ಅರ್ಧ ದಾರಿಗೆ ಕಟ್ಟಿ ಹುಡುಕ್ತೀನಿ.

ಹಂಗಾದ್ರ ಹೋಗಾಕ ಏನು ಅಡ್ಡಿ ಅಂತ ಕೇಳ್ತೀರಿ. ಅಡ್ಡಿ ಅದಾವ. ಮೊದಲನೇದ್ದು, ಮತ್ತೊಮ್ಮೆ ನೋಡಿದ್ರ ಇನ್ನೂ ಕಡಿಮಿ ಮಾಡಿದ್ರ? ಈ ಭಯ ಸುಳ್ಳಲ್ಲ, ಹೊಸಾ ತಪಾಸಣಿ ಅಂದ್ರ ಹೊಸಾ ಅಂಕಿ, ಅದು ಮ್ಯಾಲ ಹೋಗಬಹುದು ಕೆಳಗೂ ಬರಬಹುದು. ಶೇಕಡಾ 40ಕ್ಕಿಂತ ಕೆಳಗ ಹೋದ್ರ ಮಾಸಾಶನ ಪೂರ್ತಿ ಹೋತು. ಬಸ್ಸಿನ ಚಿಂತಿ ಈಗ ಇಲ್ಲ, ಶಕ್ತಿ ಯೋಜನೆ ಬಂದು ಹೆಣ್ಮಕ್ಕಳಿಗೆ ಪುಕ್ಕಟ ಆಗೈತಿ, ಮೊದಲೆಲ್ಲಾ ವರ್ಷಕ್ಕ 660 ಕಟ್ಟಿ ಅಂಗವಿಕಲರ ಪಾಸ್ ತಗೋತಿದ್ದೆ, 100 ಕಿಲೋಮೀಟರ್ ಒಳಗ ಓಡಾಡಾಕ. ನಮ್ಮಂಥಾ ಅಂಗವಿಕಲ ಗಂಡಸರಿಗೆ ಇನ್ನೂ ಅದ ಗತಿ, ಅವ್ರಿಗೆ 40ರ ಗೆರಿ ದಾಟಿ ಕೆಳಗ ಬಂದ್ರ ಪಾಸೂ ಹೋಗ್ತೈತಿ.

ಎರಡನೇದ್ದು ಹೇಳಾಕ ಕಷ್ಟ. ಸೀರಿ ಮ್ಯಾಲ ಎತ್ತಿ ಕಾಲು ತೋರಿಸಬೇಕು. ನಾಕು ಮಂದಿ ಡಾಕ್ಟರ್ ಮುಂದ ಕುಕ್ಕರಗಾಲಿಲೇ ಕೂಡಾಕ ಹೋಗಿ ಬೀಳಬೇಕು. ನನ್ನ ಎಡಗಾಲು ನನ್ನ ಕೈಯಷ್ಟು ತೆಳ್ಳಗ ಐತಿ, ಅದನ್ನ ಅವ್ವನ ಬಿಟ್ರ ಯಾರೂ ನೋಡಿಲ್ಲ. ಅವ್ವ ಬ್ಯಾಡ ಅಂತಾಳ, ಬಿಡ ಯವ್ವಾ ಮಂದಿ ಮುಂದ ಯಾಕ, ಇದ್ದಿದ್ರಾಗ ಉಣ್ಣೂಣು ಅಂತಾಳ. ಅವ್ವನ ಮಾತು ತಗದು ಹಾಕಾಕ ನನಗ ಮನಸಿಲ್ಲ, ನನ್ನ ಮಾನ ಮುಚ್ಚಾಕ ಆಕಿ ಪಟ್ಟ ಪಾಡು ನನಗ ಗೊತ್ತೈತಿ.

ಮನ್ನೆ ಪ್ರೆಸ್ಸಿಗೆ ಒಬ್ಬರು ತಬಲಾ ಮಾಸ್ತರ ಬಂದಿದ್ರು, ಕಾರ್ಯಕ್ರಮದ ಹ್ಯಾಂಡ್‌ಬಿಲ್ ಮಾಡಿಸಾಕ. ಸಣ್ಣವರಿದ್ದಾಗಿಂದ ಕಣ್ಣಿಲ್ಲ, ವೀರೇಶ್ವರ ಪುಣ್ಯಾಶ್ರಮದಾಗ ಕಲ್ತವರು, ಪುಟ್ಟರಾಜ ಗವಾಯಿಗಳ ಕಾಲದಾಗ ಅಲ್ಲಿ ಇದ್ದವರು. ನನ್ನ ದನಿ ಕೇಳೇ ಏನೋ ಆಗೈತಿ ಅಂತ ಹಿಡದ್ರು, ಹೇಳಿದೆ. ಅವ್ರು ಸ್ವಲ್ಪ ಹೊತ್ತು ಸುಮ್ನಿದ್ದು, ಅಕ್ಕಾರ, ನನ್ನ ಕಣ್ಣು ಎಲ್ಲಾರಿಗೂ ಕಾಣ್ತೈತ್ರಿ, ಕೇಳದಲೇ ಕೈ ಹಿಡದು ರಸ್ತಾ ದಾಟಸ್ತಾರ, ನಿಮ್ಮ ಕಾಲು ನೀವು ತೋರಿಸಿದ್ರ ಅಷ್ಟ ಕಾಣ್ತೈತಿ, ಕಡತಕ್ಕ ಏನು ಗೊತ್ತಾಗ್ತೈತ್ರಿ ಅಂದ್ರು. ಹ್ಯಾಂಡ್‌ಬಿಲ್ ಪ್ರೂಫ್ ನಾ ಓದಿ ಹೇಳಿದೆ, ಎರಡು ತಪ್ಪು ಕಿವಿಲೇ ಹಿಡದು ತಿದ್ದಿಸಿ ಹೋದ್ರು.

ಅದು ತಲ್ಯಾಗ ಕುಂತುಬಿಡ್ತು. ನಾ ಹೋಗದಿದ್ರ ಮಂಡಳಿಯವ್ರು ಯಾವ ಕಾಗದ ನೋಡ್ತಾರ? ಆ ಡಿಸೆಂಬರಿನ ತಪಾಸಣಿ ಹಾಳಿ ನೋಡ್ತಾರ. ಅದರಾಗ ಏನು ಬರದಿರಬೇಕು? ಹತ್ತತೀನ್ರಿ ಸರ್, ಕುಂದರ್ತೀನ್ರಿ ಸರ್. ಅಂದ್ರ ಸೆರಗು ಹಿಡಕೊಂಡ ಹೆಣ್ಮಗಳನ್ನ ನೋಡಿ ಬರದದ್ದನ್ನ ಮತ್ತೊಮ್ಮೆ ಓದಿ ಅದ ಅಂಕಿ ಖಾಯಂ ಮಾಡ್ತಾರ, ಅವ್ರದೇನು ತಪ್ಪು.

ಅವತ್ತು ರಾತ್ರಿಯಿಂದ ಒಂದು ನೋಟ್‌ಬುಕ್ ಇಟ್ಟೀನಿ. ದಿನಾ ಏನಾತು ಅಷ್ಟ ಬರೀತೀನಿ, ಹೆಚ್ಚಿಲ್ಲ ಕಡಿಮಿಲ್ಲ. ಸೋಮವಾರ ಬಚ್ಚಲದಾಗ ಜಾರಿದೆ, ನಳ ಹಿಡಕೊಂಡೆ, ಬೀಳಲಿಲ್ಲ. ಮಂಗಳವಾರ ಬಸ್ಸಿನ ಮೊದಲನೇ ಮೆಟ್ಟಿಲಾ ಹತ್ತಾಕ ಕಂಡಕ್ಟರ್ ಅಣ್ಣಾ ಕೈ ಕೊಟ್ಟ. ಬುಧವಾರ ಮಧ್ಯಾಹ್ನದ ಮ್ಯಾಲ ಬಲ ಮೊಣಕಾಲು ಬಾತು ಗುಳಗಿ ತಗೊಂಡೆ, ಎರಡು ತಾಸು ಕೆಲಸ ಬಿಟ್ಟೆ. ಬರೀತಾ ಬರೀತಾ ಒಂದು ಪುಟ ತುಂಬಿತು. ಡಾಕ್ಟರ್ ಕೇಳಿದ್ರ ಹೂಂ ರಿ ಸರ್ ಅನ್ನೋ ಬದಲಿ ಇದನ್ನ ಓದಿ ಹೇಳ್ತೀನಿ ಅಂತ ನಿರ್ಧಾರ ಮಾಡೀನಿ, ಯಾಕಂದ್ರ ಬಾಯಿ ನಂಬಾಕ ಆಗಂಗಿಲ್ಲ, ರೂಢಿಲೇ ಮತ್ತ ಆಗ್ತೈತ್ರಿ ಅಂದ್ಬಿಡ್ತೈತಿ. 1998ರ ಸರ್ಟಿಫಿಕೇಟ್, ಕಾಲಿಗೆ ಆಧಾರಕ್ಕ ಕಟ್ಟೋ ಹಳೇ ಕ್ಯಾಲಿಪರ್ ಕೊಟ್ಟ ಚೀಟಿ, ಮೊಣಕಾಲಿನ ಎಕ್ಸ್‌ರೇ, ಎಲ್ಲಾ ಎರಡೆರಡು ಝೆರಾಕ್ಸ್ ಮಾಡಿ ಚೀಲಕ್ಕ ಹಾಕೀನಿ. ವೈನಿ ನಾನೂ ಬರ್ತೀನಿ, ನೀವು ಕಾಲು ತೋರಿಸುವಾಗ ನಾ ಬಾಜೂಕ ನಿಂತಿರ್ತೀನಿ ಅಂದ್ರು. ಲೇಡಿ ಡಾಕ್ಟರ್ ಇದ್ರ ಅವ್ರ ಮುಂದ ತೋರಸ್ತೀನಿ ಅಂತ ಕೇಳೋದು ತಪ್ಪಲ್ಲ ಅಂತನೂ ವೈನಿನ ಹೇಳಿದ್ದು, ನನಗ ಅದು ಹೊಳದ ಇರಲಿಲ್ಲ.

ನಿನ್ನಿ ಸಂಜಿಗೆ ಚಪ್ಪಲಿ ತಗೊಂಡು ಹಳೇ ಬಸ್‌ಸ್ಟ್ಯಾಂಡ್ ಕಡೆ ಅಜ್ಜಾರ ಹತ್ರ ಹೋದೆ. ಹದಿನೆಂಟು ವರ್ಷದಿಂದ ನನ್ನ ಎಡಗಾಲಿನ ಚಪ್ಪಲಿಗೆ ರಬ್ಬರಿನ ಪದರ ಹಚ್ಚಿ ಎತ್ತರ ಮಾಡಿಕೊಡೋರು ಅವ್ರ, ನನ್ನ ಅಳತಿ ಅವ್ರಿಗೆ ಬಾಯಾಗ ಐತಿ. ಎಡಗಡೆದ್ದು ಮುಂದಿನ ತುದಿ ಎಳದೆಳದು ಪೂರ್ತಿ ಸವದಿತ್ತು, ಬಲಗಡೆದ್ದು ಹಿಮ್ಮಡಿ ಒಂದ ಮಗ್ಗಲಾ ತಗ್ಗಾಗಿತ್ತು. ಗುರುವಾರ ದೊಡ್ಡ ಡಾಕ್ಟರ್ ಮುಂದ ಹೋಗಬೇಕ್ರಿ ಅಜ್ಜಾ, ಎರಡೂ ಹೊಸಾ ಅಟ್ಟಿ ಹಾಕಿ ಚಂದ ಮಾಡಿಕೊಡ್ರಿ ಅಂದೆ. ಅಜ್ಜಾರು ಎರಡೂ ಚಪ್ಪಲಿ ಕಲ್ಲಿನ ಮ್ಯಾಲ ಜೋಡಿಸಿ ಇಟ್ಟು, ಬೆರಳಿಲೇ ಎತ್ತರ ಅಳದು, ಯಾತಕ್ಕ ಹೊಂಟೀರಿ ಅಂತ ಕೇಳಿದ್ರು. ಹೇಳಿದೆ. ಚಪ್ಪಲಿ ಹೊಳ್ಳಿ ನನ್ನ ಕೈಗೆ ಕೊಟ್ರು. ಇವನ್ನ ಹಿಂಗ ಹಾಕ್ಕೊಂಡು ಹೋಗ್ರಿ ಯವ್ವಾ, ನಾ ಹೊಸಾದು ಮಾಡಿಕೊಟ್ರ ಅವ್ರಿಗೆ ಏನು ಕಾಣ್ತೈತಿ, ಬಂದ ಮ್ಯಾಲ ಮಾಡಿಕೊಡ್ತೀನಿ, ರೊಕ್ಕಾ ಆವಾಗ ಕೊಡೂರಂತ.

ಮುಂಜಾನೆ ಏಳರ ಬಸ್ಸಿಗೆ ಹೊಂಟೀವಿ ನಾನೂ ವೈನಿನೂ, ಅಣ್ಣಿಗೇರಿ ಮ್ಯಾಲ ಒಂದೂವರಿ ತಾಸಿನ ದಾರಿ. ಚಪ್ಪಲಿ ಬಾಗಲದಾಗ ಹಂಗ ಬಿಟ್ಟೀನಿ, ಒರಸೂ ಇಲ್ಲ.