ಆಮೇಲೇನಾಯ್ತು ಸಾರ್?

ನಮ್ಮ ಹಿಸ್ಟರಿ ಮೇಷ್ಟ್ರ ಪಿರಿಯಡ್ಡಿನ ಕೊನೆಯ ಹತ್ತು ನಿಮಿಷ ಪಾಠ ಇರುತ್ತಿರಲಿಲ್ಲ. ಯಾರು ಏನು ಬೇಕಾದರೂ ಕೇಳಬಹುದಿತ್ತು, ‘ಇದು ಪರೀಕ್ಷೆಗೆ ಬರುತ್ತಾ ಸಾರ್’ ಅನ್ನುವುದೊಂದನ್ನು ಬಿಟ್ಟು.

1995ರ ಆಸುಪಾಸಿನ ಮಾತು. ದಾವಣಗೆರೆ ಆಗಿನ್ನೂ ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ದುರ್ಗದ ಹುಡುಗರ ಪ್ರಶ್ನೆಗಳೆಲ್ಲ ಕೋಟೆಯ ಸುತ್ತಲೇ. ಓಬವ್ವ ಕಿಂಡಿಯ ಹತ್ತಿರ ಒನಕೆ ಹಿಡಿದು ನಿಂತಳು ಸರಿ, ಊಟಕ್ಕೆ ಬಂದಿದ್ದ ಗಂಡ ಆಮೇಲೇನು ಮಾಡಿದ? ಮೇಷ್ಟ್ರು ನಗುತ್ತಿರಲಿಲ್ಲ. ‘ಕಥೆ ಅವನನ್ನು ಅಲ್ಲಿಗೇ ಬಿಡುತ್ತೆ ಕಣಯ್ಯ. ಕೋಟೇದು ಹೇಳ್ತೀನಿ ಕೇಳು’ ಎಂದು 1779ಕ್ಕೆ ಬರುತ್ತಿದ್ದರು: ಹೈದರಾಲಿ ದುರ್ಗ ಹಿಡಿದದ್ದು, ಮದಕರಿಯನ್ನು ಶ್ರೀರಂಗಪಟ್ಟಣಕ್ಕೆ ಒಯ್ದದ್ದು.

ಮೊಳಕಾಲ್ಮೂರು ಕಡೆಯಿಂದ ಬರುತ್ತಿದ್ದ ಗೆಳೆಯನೊಬ್ಬ ಒಮ್ಮೆ, ‘ಅಶೋಕ ನಮ್ಮ ಬ್ರಹ್ಮಗಿರಿಗೆ ಬಂದಿದ್ನಾ ಸಾರ್?’ ಅಂದ. ಅಲ್ಲಿನ ಬಂಡೆಯ ಮೇಲೆ ಅಶೋಕನ ಶಾಸನ ಇದೆ. ಅದಕ್ಕೆ ರಾಜ ಬರಬೇಕಾಗಿರಲಿಲ್ಲವಂತೆ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ, ಅಂದರೆ ರಾಜಕುಮಾರ, ಮತ್ತು ಮಹಾಮಾತ್ರರೆಂಬ ಹಿರಿಯ ಅಧಿಕಾರಿಗಳು ಇಸಿಲದ ಮಹಾಮಾತ್ರರಿಗೆ ಕಳಿಸಿದ ಆಜ್ಞೆ ಅದು, ಈಗಿನ ಸುತ್ತೋಲೆ ಇದ್ದ ಹಾಗೆ. ಬರೆದವನು ಚಪಡ. ಶಾಸನವೆಲ್ಲ ಬ್ರಾಹ್ಮಿಯಲ್ಲಿ ಬರೆದು, ಕೊನೆಗೆ ‘ಲಿಪಿಕರೇಣ’ (ಲಿಪಿಕಾರನಿಂದ) ಎಂಬ ಒಂದೇ ಮಾತನ್ನು ಬಲದಿಂದ ಎಡಕ್ಕೆ ಓದುವ ಖರೋಷ್ಠಿಯಲ್ಲಿ ಕೆತ್ತಿಟ್ಟಿದ್ದಾನೆ. ನನಗೆ ಅಶೋಕನಿಗಿಂತ ಈ ಚಪಡನೇ ಇವತ್ತಿಗೂ ಇಷ್ಟ.

ಹಿಸ್ಟರಿ ಪಿರಿಯಡ್ಡಿಗೆ ಸುಪ್ರೀಂ ಕೋರ್ಟು ನುಗ್ಗಿದ್ದು ಕೇಶವಾನಂದ ಭಾರತಿ ಕೇಸಿನಿಂದ. ‘13 ಜನ ಜಡ್ಜುಗಳು ಯಾಕೆ, ಐದು ಜನ ಸಾಲದಾ?’ ಎಂದು ಹಿಂದಿನ ಬೆಂಚಿನಿಂದ ಯಾರೋ ಕೇಳಿದರು. ಮೇಷ್ಟ್ರು ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ 11 ಗೀಟು ಎಳೆದರು. 1967ರ ಗೋಲಕನಾಥ್ ತೀರ್ಪು ಕೊಟ್ಟ ಪೀಠ ಅಷ್ಟು ದೊಡ್ಡದು. ಮೂಲಭೂತ ಹಕ್ಕುಗಳಿಗೆ ಸಂಸತ್ತು ಕೈ ಹಾಕುವ ಹಾಗಿಲ್ಲ ಎಂದಿತ್ತು. ಅದನ್ನು ಮತ್ತೆ ಪರಿಶೀಲಿಸಲು ಅದಕ್ಕಿಂತ ದೊಡ್ಡ ಪೀಠವೇ ಬೇಕು, ಸರಿಸಮ ಆಗಲೂಬಾರದು. ಇನ್ನೆರಡು ಗೀಟು ಎಳೆದರು. 68 ದಿನ ವಾದ ನಡೆದು, 1973ರ ಏಪ್ರಿಲ್ 24ರಂದು 7–6ರಲ್ಲಿ ತೀರ್ಪಾಯಿತು: ಸಂವಿಧಾನ ತಿದ್ದಬಹುದು, ಅದರ ಮೂಲ ಸ್ವರೂಪ ಕೆಡಿಸುವಂತಿಲ್ಲ. ಏಳನೇ ಗೀಟನ್ನು ಬೆರಳಿನಿಂದ ಒರೆಸಿ ಆ ಕಡೆಗೆ ಎಳೆದು, ‘ಇವರೊಬ್ಬರು ಹೀಗೆ ಹೋಗಿದ್ದಿದ್ರೆ?’ ಎಂದು ನಮ್ಮ ಮುಖ ನೋಡಿದರು.

‘ಸ್ವಾಮಿಗಳಿಗೆ ಏನು ಸಿಕ್ತು ಸಾರ್?’ ಇದನ್ನು ಕೇಳಿದ್ದು ನಾನು. ಎಡನೀರು ಮಠದ ಸ್ವಾಮಿಗಳಾದ ಕೇಶವಾನಂದ ಭಾರತಿ ಕೋರ್ಟಿಗೆ ಹೋದದ್ದು ಕೇರಳದ ಭೂಸುಧಾರಣೆ ಕಾಯ್ದೆಯ ವಿರುದ್ಧ. ಆ ಕಾಯ್ದೆಗೆ ರಕ್ಷಣೆ ಕೊಟ್ಟ 29ನೇ ತಿದ್ದುಪಡಿಯನ್ನು ಅದೇ ಪೀಠ ಎತ್ತಿಹಿಡಿಯಿತು. ದೇಶಕ್ಕೆಲ್ಲ ದಾರಿ ತೋರಿದ ಕೇಸು. ಅರ್ಜಿದಾರರ ಜಮೀನಿನ ತಕರಾರು ಮಾತ್ರ ದಡ ಸೇರಲಿಲ್ಲ.

ಮುಖ್ಯಮಂತ್ರಿಯಾಗಿದ್ದ ಎಸ್.ಆರ್. ಬೊಮ್ಮಾಯಿಯವರದೂ ಅದೇ ಪಾಡು. 1989ರ ಏಪ್ರಿಲ್‌ನಲ್ಲಿ ಸದನದಲ್ಲೇ ಬಹುಮತ ತೋರಿಸುತ್ತೇನೆ ಎಂದರೂ ಕೇಳದೆ ಸರ್ಕಾರ ವಜಾ ಮಾಡಿದರು. ಹಾಗೆ ಮಾಡಿದ್ದು ತಪ್ಪು ಎಂದು ಒಂಬತ್ತು ಜನರ ಪೀಠ ಹೇಳಿದ್ದು 1994ರ ಮಾರ್ಚ್ 11ರಂದು. ಅಷ್ಟರಲ್ಲಿ ಚುನಾವಣೆ ಮುಗಿದು ಬೇರೆ ಸರ್ಕಾರವೇ ಬಂದಾಗಿತ್ತು. ‘ಹಂಗಾದ್ರೆ ಗೆದ್ದು ಏನು ಬಂತು?’ ಎಂದು ಕ್ಲಾಸೆಲ್ಲ ಗಲಾಟೆ. ‘ಮುಂದೆ ಬರೋ ಮುಖ್ಯಮಂತ್ರಿಗಳಿಗೆ ಬಂತಲ್ರಪ್ಪಾ’ ಅಂದರು ಮೇಷ್ಟ್ರು. ನಮಗೆ ಆ ಉತ್ತರ ರುಚಿಸಲಿಲ್ಲ. ಬೆಲ್ಲು ಹೊಡೆದ ಮೇಲೂ ಕಾರಿಡಾರಿನಲ್ಲಿ ಜಗಳ ನಡೆದೇ ಇತ್ತು.

ಈಗ ದಾವಣಗೆರೆಯಲ್ಲಿ ವಕೀಲಿಕೆ ಮಾಡುತ್ತೇನೆ. ಪಾಲಿನ ದಾವೆಗಳೇ ಹೆಚ್ಚು. ಅದರಲ್ಲಿ ಮೊದಲು ಬರುವ ಪ್ರಾಥಮಿಕ ಡಿಕ್ರಿ ಯಾರಿಗೆ ಎಷ್ಟು ಭಾಗ ಎಂದಷ್ಟೇ ಹೇಳುತ್ತದೆ. ಯಾವ ತುಂಡು ಯಾರಿಗೆ ಎಂದು ಅಳೆದು ಕೊಡಿಸಿಕೊಳ್ಳಲು ಎಫ್‌ಡಿಪಿ ಅಂತ ಇನ್ನೊಂದು ಅರ್ಜಿ ಹಾಕಬೇಕಿತ್ತು; ಅದಿಲ್ಲದೆ ಕೋರ್ಟೇ ಮುಂದುವರಿಸಲಿ ಎಂದು ಸುಪ್ರೀಂ ಕೋರ್ಟು ಹೇಳಿದ್ದು 2022ರಲ್ಲಿ. ಡಿಕ್ರಿಯಾದ ದಿನ ಪೇಡ ಹಂಚಿದ ಕಕ್ಷಿದಾರರಿಗೆ ಇದನ್ನು ತಿಳಿಸಿ ಹೇಳುವಷ್ಟರಲ್ಲಿ ಸಾಕಾಗುತ್ತಿತ್ತು.

ಹೋದ ವರ್ಷ ಹಳೆಯ ವಿದ್ಯಾರ್ಥಿಗಳ ಕೂಟದಲ್ಲಿ ಮೇಷ್ಟ್ರು ಸಿಕ್ಕಿದ್ದರು. ‘ಯಾವುದೋ ಹಳೇ ಪಾಲಿನ ಕೇಸು ಗೆದ್ದೆಯಂತಲ್ಲೋ?’

‘ಹೌದು ಸಾರ್.’

‘ಹೊಲ ಸಿಕ್ತಾ?’

‘ಎಫ್‌ಡಿಪಿ ಹಾಕಿದೀವಿ ಸಾರ್.’