ಸೈಡ್‌ಮೌಂಟ್ ಕಟ್ಟಿಕೊಂಡು ಹಿನ್ನೀರಿಗೆ ಇಳಿದ ಮೇಲೆ ಕಲಿತದ್ದು

ನಾನು ಬಾಗಲಕೋಟೆಯವನು. ನೀರಿಗಿಳಿದು ಜಾಕ್‌ವೆಲ್ಲಿನ (ಪಂಪಿನಿಂದ ನೀರೆತ್ತುವ ಬಾವಿಯ) ಜಾಳಿ, ಬ್ಯಾರೇಜಿನ ಗೇಟು ನೋಡಿ ಬರುವುದು, ಸಿಕ್ಕಿಕೊಂಡ ಕಸ ಬಿಡಿಸುವುದು ನನ್ನ ಕೆಲಸ. ಡೈವರ್ ಅಂದ ಕೂಡಲೇ ಜನ ನೇತ್ರಾಣಿ, ಬಣ್ಣದ ಮೀನು ಅಂತ ಮಾತು ತೆಗೀತಾರೆ. ಆಲಮಟ್ಟಿ ಹಿನ್ನೀರೇ ಬೇರೆ. ತಳದ ಎರೆಮಣ್ಣು ಒಮ್ಮೆ ಕದಡಿತೆಂದರೆ ನಮ್ಮ ಅಂಗೈ ನಮಗೇ ಕಾಣುವುದಿಲ್ಲ.

ಸಿಲಿಂಡರನ್ನು ಬೆನ್ನಿಗೆ ಬಿಟ್ಟು ಮೈಯ ಪಕ್ಕಕ್ಕೆ ಕಟ್ಟಿಕೊಳ್ಳುವ ಸೈಡ್‌ಮೌಂಟ್‌ಗೆ ಬರಲು ಕಾರಣ ನನ್ನ ಸೊಂಟ. ಬೇಸಿಗೆಯಲ್ಲಿ ಹಿನ್ನೀರು ಸರಿದಾಗ ದಂಡೆಯಿಂದ ನೀರಿನ ತನಕ ರಾಡಿಯಲ್ಲೇ ನಡೆಯಬೇಕು. ಗಾಳಿ ತುಂಬಿದ 11 ಲೀಟರಿನ ಅಲ್ಯೂಮಿನಿಯಂ ಸಿಲಿಂಡರ್ ಒಂದೊಂದೂ ಸುಮಾರು 17 ಕೆ.ಜಿ. ಎರಡನ್ನೂ ಬೆನ್ನಿಗೆ ಬಿಗಿದುಕೊಂಡು ಮೊಣಕಾಲುದ್ದ ಕೆಸರಲ್ಲಿ ಹೋದರೆ ಸೊಂಟ ಉಳಿಯುತ್ತಾ? ಸೈಡ್‌ಮೌಂಟ್‌ನಲ್ಲಿ ಒಂದೊಂದೇ ಸಿಲಿಂಡರ್ ಹೊತ್ತು ತಂದು, ನೀರಿಗಿಳಿದ ಮೇಲೆ ಎರಡು ಕಂಕುಳ ಕೆಳಗೆ ಕೊಕ್ಕೆ ಹಾಕಿಕೊಂಡರಾಯಿತು. 1960ರ ದಶಕದಲ್ಲಿ ಇಂಗ್ಲೆಂಡಿನ ಗುಹೆ ಹೊಕ್ಕುವವರು ನೀರು ತುಂಬಿದ ಇಕ್ಕಟ್ಟಾದ ಸಂದುಗಳಲ್ಲಿ ತೂರಲು ಸಿಲಿಂಡರನ್ನು ಹೀಗೆ ಪಕ್ಕಕ್ಕೆ ಕಟ್ಟಿಕೊಳ್ಳತೊಡಗಿದ್ದು. ಬೆನ್ನ ಮೇಲೆ ಏನೂ ಇಲ್ಲದಿದ್ದರೆ ಜಾಳಿಯ ಕೆಳಗೆ ಮೈ ತೂರಿಸುವುದು ನಿಜಕ್ಕೂ ಸುಲಭ.

ಆ ದಿನ ಹಿನ್ನೀರಿನ ಒಂದು ಜಾಕ್‌ವೆಲ್ಲಿನ ಜಾಳಿ ನೋಡಬೇಕಿತ್ತು. ಪಂಪು ನಿಲ್ಲಿಸಿ, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡಿದ್ದೆವು. ಇದರಲ್ಲಿ ರಾಜಿಯೇ ಇಲ್ಲ. ಪಂಪು ಎಳೆಯುವಾಗ ಜಾಳಿಗೆ ಮೈ ಅಂಟಿದರೆ ಯಾವ ಸಿಲಿಂಡರೂ ಕಾಯುವುದಿಲ್ಲ. ತೆಪ್ಪದಲ್ಲಿ ಹಗ್ಗ ಹಿಡಿದು ಕೂತಿದ್ದ ಕಾಕಾ, “ತಮ್ಮಾ, ಮೀನಿನ ಬಲಿ ಭಾಳ ಹರದು ಬಿದ್ದಾವ ಇಲ್ಲಿ, ಹುಷಾರ” ಅಂದರು.

ಸೈಡ್‌ಮೌಂಟ್‌ನಲ್ಲಿ ಎರಡು ಸಿಲಿಂಡರಿಗೂ ಸಂಬಂಧವಿಲ್ಲ. ಇದರ ಗಾಳಿ ಅದಕ್ಕೆ ಹೋಗುವುದಿಲ್ಲ. ಸ್ವಲ್ಪ ಹೊತ್ತು ಎಡಗಡೆಯದು, ಸ್ವಲ್ಪ ಹೊತ್ತು ಬಲಗಡೆಯದು ಅಂತ ಬದಲಿಸಿಕೊಂಡು ಉಸಿರಾಡಬೇಕು. ನಾನು ಬಲೆ ಕತ್ತರಿಸುವುದರಲ್ಲಿ ಮುಳುಗಿ ಎಡಗಡೆಯದರಲ್ಲೇ ಉಳಿದೆ. ಎಷ್ಟು ಗಾಳಿ ಉಳಿದಿದೆ ಅಂತ ಮೀಟರ್ ನೋಡೋಣ ಅಂದರೆ ಮಾಸ್ಕಿಗೆ ಒತ್ತಿ ಹಿಡಿದರೂ ಮುಳ್ಳು ಕಾಣಲಿಲ್ಲ.

ಉಸಿರು ಎಳೆಯುವುದು ಬಿಗಿಯಾಯಿತು. ಎದೆಯ ಕೊಕ್ಕೆಯಲ್ಲಿದ್ದ ಬಲಗಡೆಯ ರೆಗ್ಯುಲೇಟರ್ (ಸಿಲಿಂಡರಿನ ಗಾಳಿ ಬಾಯಿಗೆ ಕೊಡುವ ಸಾಧನ) ಬಾಯಿಗಿಟ್ಟೆ. ಬಾಯ್ತುಂಬ ಕೆಸರು, ಹಲ್ಲಿಗೆ ಮರಳು. ಬೋರಲಾಗಿ ಮಲಗಿ ಕೆಲಸ ಮಾಡುವಾಗ ಅದು ಅಷ್ಟು ಹೊತ್ತೂ ರಾಡಿಯಲ್ಲಿ ಒತ್ತಿಕೊಂಡಿತ್ತು. ಎಡಗಡೆಯದನ್ನೇ ಮತ್ತೆ ಕಚ್ಚಿ ಹಿಡಿದು, ಬಲಗಡೆಯದರ ಗುಂಡಿ ಎರಡು ಸಲ ಜೋರಾಗಿ ಒತ್ತಿ ಗಾಳಿ ಬಿಟ್ಟೆ. ಆಮೇಲೆ ಉಸಿರು ಸಲೀಸಾಯಿತು.

ಅಷ್ಟರಲ್ಲಿ ಇನ್ನೊಂದು ತೊಂದರೆ. ಅಲ್ಯೂಮಿನಿಯಂ ಸಿಲಿಂಡರ್ ಖಾಲಿಯಾಗುತ್ತಾ ಬಂದರೆ ಹಗುರಾಗಿ ಬಾಲ ಮೇಲಕ್ಕೆತ್ತುತ್ತದೆ. ನಡುವೆ ಕೊಕ್ಕೆಯನ್ನು ಜಾಗ ಬದಲಿಸಿ ಹಾಕಬೇಕು, ನಾನು ಹಾಕಿರಲಿಲ್ಲ. ಎದ್ದ ಬಾಲದ ಕೊಕ್ಕೆಗೇ ಬಲೆ ಸುತ್ತಿಕೊಂಡಿತು. ಹಿಂದೆ ಸರಿಯಲು ಆಗಲೊಲ್ಲದು.

ನನ್ನನ್ನು ಬಿಡಿಸಿದ್ದೂ ಅದೇ ಸೈಡ್‌ಮೌಂಟ್. ಕೈಯಿಂದ ತಡವಿ ಹಿಂದಿನ ಕೊಕ್ಕೆ ಕಳಚಿದೆ, ಸಿಲಿಂಡರ್ ತಿರುಗಿ ಎದೆಯ ಮುಂದೆ ಬಂತು. ಎಳೆ ಎಳೆಯಾಗಿ ಮುಟ್ಟಿ ನೋಡಿ ಬಲೆ ಕತ್ತರಿಸಿದೆ. ಬೆನ್ನ ಮೇಲಿದ್ದಿದ್ದರೆ ಕೈ ಅಲ್ಲಿಗೆ ಮುಟ್ಟುತ್ತಲೇ ಇರಲಿಲ್ಲ. ವಾಲ್ವೂ ಅಷ್ಟೇ. ಗಾಳಿ ಸೋರಿದರೆ ಪಕ್ಕಕ್ಕೇ ಕೈ ಹಾಕಿ ಮುಚ್ಚಬಹುದು, ಇನ್ನೊಂದು ಸಿಲಿಂಡರಿನ ಗಾಳಿ ಉಳಿದೇ ಇರುತ್ತದೆ.

ಹಾಗಂತ ಎಲ್ಲ ಕಡೆ ಇದನ್ನೇ ಕಟ್ಟಿಕೊಳ್ಳಿ ಅಂತ ನಾನು ಹೇಳುವುದಿಲ್ಲ. ಏಣಿಯಿಂದ ಮಾತ್ರ ಇಳಿಯಬೇಕಾದ ಬಾವಿಗೆ ಇದು ಬೇಡ. ಸಿಲಿಂಡರ್ ಹಗ್ಗದಲ್ಲಿ ಬಿಟ್ಟು, ತೇಲುತ್ತಾ ಕೊಕ್ಕೆ ಹಾಕಿಕೊಳ್ಳುವಷ್ಟರಲ್ಲೇ ಅರ್ಧ ದಣಿವಾಗುತ್ತದೆ. ಹರಿಯುವ ನೀರಿನಲ್ಲಂತೂ ಇನ್ನೂ ಕಷ್ಟ. ಖರ್ಚೂ ಜಾಸ್ತಿ: ಎರಡು ರೆಗ್ಯುಲೇಟರ್, ಎರಡು ಮೀಟರ್, ಎರಡರದ್ದೂ ಸರ್ವಿಸು. ಗಂಟೆಗಟ್ಟಲೆ ಮಾಡುವ ಕತ್ತರಿಸುವ, ಬಿಗಿಯುವ ಕೆಲಸಕ್ಕೆ ದಂಡೆಯಿಂದ ಪೈಪಿನಲ್ಲಿ ಗಾಳಿ ಬರುವ, ಮೇಲಿನವರ ಜತೆ ಮಾತಾಡಲಾಗುವ ಹೆಲ್ಮೆಟ್ಟೇ ಸರಿ ಅಂತ ನಾನು ಮಾಲೀಕರಿಗೆ ನೇರವಾಗಿ ಹೇಳಿದೆ. ಇಕ್ಕಟ್ಟಿನಲ್ಲಿ ಹೋಗಿ ನೋಡಿ ಬರುವುದಕ್ಕೆ ಮಾತ್ರ ಸೈಡ್‌ಮೌಂಟ್. ಅವರು ಒಪ್ಪಿದರು.

ಇನ್ನೊಂದು ಮಾತು, ಇದು ಯಾವ ಸಿಲಿಂಡರ್ ಕಟ್ಟಿದರೂ ಅನ್ವಯ. ಆಲಮಟ್ಟಿಯ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 519.6 ಮೀಟರ್ ಎತ್ತರ. 300 ಮೀಟರಿಗಿಂತ ಮೇಲಿನ ನೀರಿಗೆ ಎಷ್ಟು ಆಳಕ್ಕೆ ಎಷ್ಟು ಹೊತ್ತು ಅನ್ನುವ ಸಮುದ್ರದ ಡೈವ್ ಲೆಕ್ಕ ಹಾಗೇ ಹಾಕಬಾರದು, ಎತ್ತರದ ಲೆಕ್ಕವೇ ಬೇರೆ ಇದೆ. ಸಮುದ್ರದಲ್ಲಿ ಕಲಿತು ಬರುವ ಹುಡುಗರು ಇದನ್ನು ಮರೀತಾರೆ.

ಈಗ ನಾನು ಇಪ್ಪತ್ತು ಉಸಿರು ಎಣಿಸಿ ಪಕ್ಕ ಬದಲಿಸುತ್ತೇನೆ, ಮೀಟರ್ ಕಾಣಲಿ ಬಿಡಲಿ. ಬಾಯಿಗಿಡುವ ಮುಂಚೆ ಪ್ರತಿ ಸಲವೂ ಗುಂಡಿ ಒತ್ತಿ ಕೆಸರು ಊದಿಸುತ್ತೇನೆ. ಹೊಸದಾಗಿ ಸೇರಿದ ಇಬ್ಬರು ಹುಡುಗರನ್ನು ಮುಂದಿನ ವಾರ ನಮ್ಮ ಹೊಲದ ಮೆಟ್ಟಿಲು ಬಾವಿಗೆ ಇಳಿಸಬೇಕು. ನೀರು ತಿಳಿಯಾಗಿದೆ, ಅದಕ್ಕೇ ಮಾಸ್ಕಿನ ಗಾಜಿಗೆ ಕರಿ ಟೇಪು ಅಂಟಿಸಿಟ್ಟಿದ್ದೇನೆ. ಕೊಕ್ಕೆ, ವಾಲ್ವು, ರೆಗ್ಯುಲೇಟರು ಮೂರೂ ಕೈಗೆ ತಾನಾಗಿ ಸಿಗುವ ತನಕ ಹಿನ್ನೀರಿನ ಹತ್ತಿರ ಕರೆದೊಯ್ಯುವುದಿಲ್ಲ.